ಫೈಬರ್ ತುಂಡಾದಾಗ ಉಪಗ್ರಹ ಸಂಪರ್ಕ: ಸಣ್ಣ ಸೇವಾದಾರರಿಗೆ ಆಗಿಬರುವುದೇ?

ಪ್ರಶ್ನೆ

ಹೊಸನಗರ ತಾಲ್ಲೂಕಿನ ಸುಮಾರು 400 ಮನೆಗಳಿಗೆ ನಾವು ಇಂಟರ್ನೆಟ್ ಒದಗಿಸುತ್ತಿದ್ದೇವೆ. ನಮಗಿರುವುದು ಸೆಕೆಂಡಿಗೆ 1 ಗಿಗಾಬಿಟ್ ಸಾಮರ್ಥ್ಯದ ಒಂದೇ ಫೈಬರ್ ಸಂಪರ್ಕ. ಮಳೆಗಾಲದಲ್ಲಿ ಮರ ಬಿದ್ದು ಅದು ತುಂಡಾದರೆ ಮತ್ತೆ ಜೋಡಿಸುವಷ್ಟರಲ್ಲಿ ಎರಡು ದಿನ ಕಳೆದದ್ದೂ ಉಂಟು. ಕಳೆದ ಆಷಾಢದಲ್ಲಿ ಹೀಗಾದಾಗ ಸಹಕಾರ ಸಂಘದ ವಹಿವಾಟು ನಿಂತಿತು, ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚಿನ ಪರಿಶೀಲನೆ ಆಗದೆ ವಯಸ್ಸಾದವರು ಬರಿಗೈಯಲ್ಲಿ ಹಿಂದಿರುಗಿದರು. ಮನೆಮನೆಗೂ ಡಿಶ್ ಹಾಕುವ ಬದಲು ನಮ್ಮ ಕಚೇರಿಯ ಮೇಲೆ ಒಂದನ್ನೇ ನಿಲ್ಲಿಸಿ, ಉಪಗ್ರಹದಿಂದ ಪಡೆದ ಬ್ಯಾಂಡ್‌ವಿಡ್ತನ್ನು ಈಗಿರುವ ಜಾಲದಲ್ಲಿಯೇ ಹಂಚಬಹುದೇ?

ಉತ್ತರ 1

ತಾಂತ್ರಿಕವಾಗಿ ಸಾಧ್ಯ, ಆದರೆ ಫೈಬರಿನ ಜಾಗವನ್ನು ಅದು ತುಂಬಲಾರದು. 2018ರ ಡಿಸೆಂಬರಿನಲ್ಲಿ ಉಡಾವಣೆಯಾದ ಇಸ್ರೋದ ಸಂವಹನ ಉಪಗ್ರಹ ಜಿಸ್ಯಾಟ್-11ರ ಒಟ್ಟು ಸಾಮರ್ಥ್ಯ 16 ಗಿಗಾಬಿಟ್. ಅದು ಬಳಕೆದಾರರ 32 ಬೀಮುಗಳಲ್ಲಿ (ಒಂದೊಂದು ಪ್ರದೇಶಕ್ಕೆ ಗುರಿಯಿಟ್ಟ ಸಂಕೇತದ ಕಿರಣಗಳಲ್ಲಿ) ಹಂಚಿಹೋಗುವುದರಿಂದ ಒಂದು ಬೀಮಿಗೆ ಸರಾಸರಿ ಅರ್ಧ ಗಿಗಾಬಿಟ್ ಬರುತ್ತದೆ. ಹಲವು ಜಿಲ್ಲೆಗಳನ್ನು ಆವರಿಸುವ ಬೀಮೊಂದರಲ್ಲಿ ಎಲ್ಲರೂ ಹಂಚಿಕೊಳ್ಳಬೇಕಾದ ಆ ಮೊತ್ತವೇ ನಿಮ್ಮ ಒಂದು ಫೈಬರಿನ ಅರ್ಧದಷ್ಟು ಎಂಬುದನ್ನು ಗಮನಿಸಿ.

ಇನ್ನು ವಿಳಂಬ. ಇಂತಹ ಉಪಗ್ರಹಗಳಿರುವ ಭೂಸ್ಥಿರ ಕಕ್ಷೆ 35,786 ಕಿ.ಮೀ. ಎತ್ತರದಲ್ಲಿದೆ, ಕೋರಿಕೆ ಮೇಲೇರಿ ಇಳಿದು, ಉತ್ತರವೂ ಹಾಗೆಯೇ ಬರಲು ಬೆಳಕಿನ ವೇಗದಲ್ಲಿಯೂ ಅರ್ಧ ಸೆಕೆಂಡಿನ ಹತ್ತಿರ ಬೇಕು, ಉಪಕರಣಗಳ ಸಮಯ ಸೇರಿದರೆ 0.6 ಸೆಕೆಂಡು. ಇಂಟರ್ನೆಟ್ಟಿನ ಟಿಸಿಪಿ ನಿಯಮಾವಳಿಯಲ್ಲಿ, ತಲುಪಿತೆಂಬ ಉತ್ತರ ಬರುವ ಮುನ್ನ ಕಳಿಸಬಹುದಾದ ಮಾಹಿತಿಯ ಮಿತಿ (ವಿಂಡೋ) ಹಳೆಯ 64 ಕಿಲೋಬೈಟೇ ಇದ್ದಲ್ಲಿ ಒಂದು ಸಂಪರ್ಕಕ್ಕೆ ಸೆಕೆಂಡಿಗೆ 1 ಮೆಗಾಬಿಟ್ ಕೂಡ ದಕ್ಕುವುದಿಲ್ಲ. ಆದ್ದರಿಂದ ಮೋಡೆಮಿನಲ್ಲಿ ಈ ಕಾಯುವಿಕೆಯನ್ನು ತಗ್ಗಿಸುವ ಟಿಸಿಪಿ ವೇಗವರ್ಧನೆ ಇದೆಯೇ ಎಂದು ಮೊದಲು ಕೇಳಿರಿ.

ಉತ್ತರ 2

ಮಲೆನಾಡಿನ ಮಟ್ಟಿಗೆ ವಿಳಂಬಕ್ಕಿಂತ ಮಳೆಯೇ ದೊಡ್ಡ ಪ್ರಶ್ನೆ ಎಂಬುದು ನನ್ನ ಅಭಿಪ್ರಾಯ. ಉಪಗ್ರಹಗಳು ಬಳಸುವ ರೇಡಿಯೊ ತರಂಗಗಳ ಶ್ರೇಣಿಗಳಲ್ಲಿ ಒಂದಾದ ಕೆಎ ಬ್ಯಾಂಡಿನ ತರಂಗಾಂತರ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಆಗಿರುವುದರಿಂದ ಜಡಿಮಳೆಯ ದಪ್ಪ ಹನಿಗಳು ಸಂಕೇತವನ್ನು ಹೀರಿ ಚದುರಿಸುತ್ತವೆ. ಅದಕ್ಕಿಂತ ಉದ್ದನೆಯ ತರಂಗಗಳ ಕೆಯು ಬ್ಯಾಂಡಿನಲ್ಲಿ ಈ ತೊಂದರೆ ಕಡಿಮೆ, ಇನ್ನೂ ಉದ್ದನೆಯ ಸಿ ಬ್ಯಾಂಡಿನಲ್ಲಿ ಅತ್ಯಲ್ಪ. ಫೈಬರ್ ತುಂಡಾಗುವುದೂ ಅದೇ ಮಳೆಯಲ್ಲಿ ಆದ್ದರಿಂದ, ಬೇಸಿಗೆಯಲ್ಲಿ ಮಾತ್ರ ಚೆನ್ನಾಗಿ ನಡೆಯುವ ಬದಲಿ ವ್ಯವಸ್ಥೆಗೆ ಹಣ ಹಾಕಬೇಡಿ. ಸಿ ಬ್ಯಾಂಡಿಗೆ ದೊಡ್ಡ ಡಿಶ್ ಬೇಕು, ಖರ್ಚೂ ಹೆಚ್ಚು. ಒಂದು ಅನುಕೂಲವೂ ಇದೆ: ಜಿಸ್ಯಾಟ್-11ರಂತೆ 74 ಡಿಗ್ರಿ ಪೂರ್ವ ರೇಖಾಂಶದಲ್ಲಿರುವ ಉಪಗ್ರಹ ನಿಮ್ಮಲ್ಲಿಗೆ ದಕ್ಷಿಣದ ಆಕಾಶದಲ್ಲಿ ಸುಮಾರು 73 ಡಿಗ್ರಿ ಎತ್ತರದಲ್ಲಿ ಇರುವುದರಿಂದ ಸುತ್ತಲಿನ ಗುಡ್ಡಗಳು ಅಡ್ಡಬರಲಾರವು.

ಉತ್ತರ 3

ಕೆಳಕಕ್ಷೆಯ ಉಪಗ್ರಹಗಳಿಂದ ಇಂಟರ್ನೆಟ್ ಒದಗಿಸುವ ಒನ್‌ವೆಬ್ ಜಾಲ ಮುಖ್ಯವಾಗಿ ನಿಮ್ಮಂತಹ ಸೇವಾದಾರರನ್ನೂ ಸಂಸ್ಥೆಗಳನ್ನೂ ಉದ್ದೇಶಿಸಿದ್ದು. ಅದರ ಉಪಗ್ರಹಗಳು 1,200 ಕಿ.ಮೀ. ಎತ್ತರದಲ್ಲಿ ಸುತ್ತುವುದರಿಂದ ವಿಳಂಬ ಬಹಳ ಕಡಿಮೆ. ಅವುಗಳಲ್ಲಿ 72ನ್ನು ಇಸ್ರೋದ ಎಲ್‌ವಿಎಂ3 ರಾಕೆಟ್ 2022 ಮತ್ತು 2023ರಲ್ಲಿ ಶ್ರೀಹರಿಕೋಟಾದಿಂದ ಎರಡು ಬಾರಿಯಾಗಿ ಕಕ್ಷೆಗೆ ಸೇರಿಸಿತು. ಯಾವುದನ್ನು ಆರಿಸಿದರೂ, ಪಡೆದ ಬ್ಯಾಂಡ್‌ವಿಡ್ತನ್ನು ಮರುಹಂಚಲು ನಿಮ್ಮ ಪರವಾನಗಿ ಮತ್ತು ಒಪ್ಪಂದ ಎರಡರಲ್ಲಿಯೂ ಅವಕಾಶವಿದೆಯೇ ಎಂದು ಲಿಖಿತವಾಗಿ ಖಚಿತಪಡಿಸಿಕೊಳ್ಳಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. 400 ಮನೆಗಳ ಸಂಜೆಯ ವಿಡಿಯೊವನ್ನು ಉಪಗ್ರಹದ ಮೇಲೆ ಹೊರಿಸುವ ಯೋಚನೆಯನ್ನು ಬಿಟ್ಟಿದ್ದೇನೆ. ಫೈಬರ್ ಹೋದ ಕೂಡಲೇ ಸಹಕಾರ ಸಂಘ, ನ್ಯಾಯಬೆಲೆ ಅಂಗಡಿ, ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ಪ್ರತಿ ಮನೆಯ ಹಣ ಪಾವತಿ, ಸಂದೇಶಗಳು ಮಾತ್ರ ಉಪಗ್ರಹದ ದಾರಿಗೆ ತಿರುಗುವಂತೆ ರೌಟರಿನಲ್ಲಿ ನಿಯಮ ಬರೆಯುತ್ತೇವೆ. ಇದಕ್ಕೆ 20 ಮೆಗಾಬಿಟ್ ಸಾಕೆಂದು ನನ್ನ ಅಂದಾಜು. ಕೆಯು ಮತ್ತು ಸಿ ಬ್ಯಾಂಡ್ ಎರಡಕ್ಕೂ ದರಪಟ್ಟಿ ತರಿಸಿ ಇಲ್ಲಿಯೇ ತಿಳಿಸುತ್ತೇನೆ.