‘ಲೈವ್ ರಾಕ್’ಗೆ ಕನ್ನಡದಲ್ಲಿ ಏನನ್ನೋಣ? ‘ಹೆಪ್ಪುಗಲ್ಲು’ ನಡೆದೀತೇ?

ಎಲ್ಲರಿಗೂ ನಮಸ್ಕಾರ. ಉಪ್ಪುನೀರಿನ ಅಕ್ವೇರಿಯಂನಲ್ಲಿ ಇಡುವ, ಮೈತುಂಬ ಬ್ಯಾಕ್ಟೀರಿಯಾ, ಪಾಚಿ ಬೆಳೆದ ಕಲ್ಲಿಗೆ ಇಂಗ್ಲಿಷಿನಲ್ಲಿ ‘ಲೈವ್ ರಾಕ್’ ಎನ್ನುತ್ತಾರೆ. ಅದಕ್ಕೊಂದು ಕನ್ನಡ ಪದಕ್ಕಾಗಿ ಮೂರು ವಾರದಿಂದ ಒದ್ದಾಡುತ್ತಿದ್ದೇನೆ. ಸರಿಯಾದ ಪದ ಸಿಗದಿದ್ದರೆ ಮೀನು ಸಾಯುತ್ತದೆ ಎಂದರೆ ನಗಬೇಡಿ, ಎರಡು ಆಗಲೇ ಸತ್ತಿವೆ.

ಮಡಿಕೇರಿ ಹತ್ತಿರ ನನ್ನ ತಮ್ಮನ ಮಗ ಹೋಂಸ್ಟೇ ನಡೆಸುತ್ತಾನೆ. ಬಾಗಿಲು ದಾಟಿದ ಕೂಡಲೇ ಕಾಣುವ ಹಾಗೆ ಮೂರಡಿ ಉದ್ದದ, ಸುಮಾರು 180 ಲೀಟರ್ ಹಿಡಿಯುವ ಉಪ್ಪುನೀರಿನ ಅಕ್ವೇರಿಯಂ ಇಟ್ಟಿದ್ದಾನೆ. ಕಡಲಮಟ್ಟದಿಂದ ಸಾವಿರ ಮೀಟರಿಗೂ ಮೇಲಿರುವ ಊರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ಪ್ಯಾಕೆಟ್ಟಿನ ಉಪ್ಪು ಕಲಸಿ ಸಮುದ್ರ ಮಾಡಿಕೊಂಡಿದ್ದಾನೆ. ನಮ್ಮ ಚಳಿಗೆ ಹೀಟರ್ ಬೇರೆ, 25 ಡಿಗ್ರಿ ಕಾಯಬೇಕಲ್ಲ. ಅವನು ಊರಲ್ಲಿಲ್ಲದಾಗ ಇದನ್ನೆಲ್ಲ ನೋಡಿಕೊಳ್ಳುವುದು ತೋಟದ ಕೆಲಸಕ್ಕಿರುವ ಹುಡುಗ. ಅವನು ಓದುವುದು ಕನ್ನಡ ಮಾತ್ರ. “ದೊಡ್ಡಪ್ಪ, ಒಂದು ಹಾಳೆಯಲ್ಲಿ ಸೂಚನೆ ಬರ್ದುಕೊಡಿ” ಎಂದ ತಮ್ಮನ ಮಗ.

ಬರೆದುಕೊಟ್ಟೆ. ಅದರಲ್ಲಿ ಒಂದು ಸಾಲು: ‘ಕಲ್ಲಿನ ಮೇಲೆ ಕಸ ಕೂರದಂತೆ ನೋಡಿಕೊಳ್ಳಿ.’ ಚಿಕ್ಕ ಪಂಪಿನಿಂದ ನೀರು ಚಿಮ್ಮಿಸಿ ಕಸ ಎಬ್ಬಿಸಬೇಕು ಎನ್ನುವುದು ನನ್ನ ತಲೆಯಲ್ಲಿತ್ತು, ಹಾಳೆಯ ಮೇಲೆ ಇರಲಿಲ್ಲ. ಹುಡುಗ ಪ್ರಾಮಾಣಿಕ. ಕಲ್ಲುಗಳನ್ನೆಲ್ಲ ಹೊರಗೆ ತೆಗೆದು, ನಲ್ಲಿ ಕೆಳಗೆ ತೆಂಗಿನ ನಾರಿನಿಂದ ತಿಕ್ಕಿ, ಕಾಫಿ ಕಣದಲ್ಲಿ ಎರಡು ದಿನ ಬಿಸಿಲಿಗೆ ಹಾಕಿ, ಮತ್ತೆ ಜೋಡಿಸಿಟ್ಟ. “ನೇರಳೆ ಕಲೆ ಎಷ್ಟು ಉಜ್ಜಿದ್ರೂ ಹೋಗ್ಲಿಲ್ಲ ಮೇಷ್ಟ್ರೇ, ಕೊನೆಗೆ ಚಾಕುವಿನಲ್ಲಿ ಕೆರೆದೆ” ಎಂದ. ಆ ನೇರಳೆ ಕಲೆ ಸುಣ್ಣ ಕಟ್ಟಿಕೊಂಡು ಬೆಳೆಯುವ ಒಂದು ಬಗೆಯ ಪಾಚಿ. ಅದು ಬರಲಿ ಎಂದು ಸಾಕುವವರು ತಿಂಗಳುಗಟ್ಟಲೆ ಕಾಯುತ್ತಾರೆ!

ಕಲ್ಲು ಎಂದರೆ ತೊಳೆಯುವುದು. ತಪ್ಪು ಹುಡುಗನದಲ್ಲ, ನನ್ನ ಪದದ್ದು.

ಈ ವಸ್ತುವಿನ ಗುಣ ಹೇಳದೆ ಪದ ಕೇಳಿದರೆ ನ್ಯಾಯವಲ್ಲ. ಮೂಲದಲ್ಲಿ ಇದು ಸಾಮಾನ್ಯವಾಗಿ ಸತ್ತ ಹವಳದ ಸುಣ್ಣದ ಗೂಡು, ಮೈತುಂಬ ಸಣ್ಣ ತೂತು. ಹೊರಮೈಯ ಬ್ಯಾಕ್ಟೀರಿಯಾಗಳು ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಅದನ್ನು ಇನ್ನೊಂದು ಗುಂಪು ನೈಟ್ರೇಟ್ ಮಾಡುತ್ತದೆ. ಆಮ್ಲಜನಕ ತಲುಪದ ಒಳತೂತುಗಳಲ್ಲಿ ಇರುವವು ನೈಟ್ರೇಟನ್ನು ಸಾರಜನಕ ಮಾಡಿ ಗಾಳಿಗೆ ಬಿಡುತ್ತವೆ. ಹೀಗೆ ಟ್ಯಾಂಕಿನ ಹೊಲಸು ಕಳೆಯುವುದು ಈ ಕಲ್ಲೇ. ಒಣಗಿಸಿದರೆ ಒಳಗಿನ ಜೀವವೆಲ್ಲ ಸತ್ತು, ನೀರಿಗೆ ಹಾಕಿದ ಮೇಲೆ ಕೊಳೆತು, ಅದರಿಂದಲೇ ಅಮೋನಿಯಾ ಏರುತ್ತದೆ. ನಮ್ಮಲ್ಲಿ ಆದದ್ದೂ ಅದೇ. ಫೈರ್‌ಫಿಶ್ ಮೊದಲು ಹೋಯಿತು, ಮಾರನೆಯ ದಿನ ಗೋಬಿ. ಕ್ಲೌನ್ ಮೀನಿನ ಜೋಡಿ ಗಟ್ಟಿಪಿಂಡ, ಉಳಿದುಕೊಂಡಿತು.

ಇನ್ನು ಪದಗಳಿಗೆ ಬರೋಣ. ‘ಜೀವಂತ ಕಲ್ಲು’ ಎಂದರೆ ಎದ್ದು ಓಡಾಡುವ ಕಲ್ಲಿನಂತೆ ಕೇಳುತ್ತದೆ. ‘ಸಜೀವ ಶಿಲೆ’ ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ. ‘ಹವಳಗಲ್ಲು’ ಚೆನ್ನಾಗಿದೆ, ಆದರೆ ಹವಳ ಎಂದ ಕೂಡಲೇ ಇಲ್ಲಿಯ ಹೆಂಗಸರ ಮನಸ್ಸು ಕೊರಳಿನ ಸರಕ್ಕೆ ಹೋಗುತ್ತದೆ (ಕೊಡವ ಮನೆಗಳಲ್ಲಿ ಅದು ಇನ್ನೂ ‘ಪವಳ’, ಹಳಗನ್ನಡದ ‘ಪ’ ಅಕ್ಷರ ಹಾಗೇ ಉಳಿದಿದೆ). ಇನ್ನೊಂದು ತೊಡಕೂ ಇದೆ. ಗಟ್ಟಿ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಕಡಲೊಳಗಿನ ಹವಳದ ದಿಬ್ಬದಿಂದ ಮುರಿದು ತರುವಂತಿಲ್ಲ. ತಮ್ಮನ ಮಗ ಮೊದಲು ತಂದಿದ್ದು ಒಣಕಲ್ಲು, ಅಂದರೆ ಇನ್ನೂ ಜೀವ ಹತ್ತದ ಬರಿಯ ಕಲ್ಲು. ಬರೀ ಒಣಕಲ್ಲಿಗೆ ಹವಳದ ಹೆಸರು ಕಟ್ಟಿ ಬಂದವರ ಮುಂದೆ ಯಾಕೆ ಅನುಮಾನಕ್ಕೆ ಗುರಿಯಾಗಬೇಕು?

‘ಜೀವಗಲ್ಲು’ ನನಗೆ ಇಷ್ಟ. ಸಂಸ್ಕೃತಕ್ಕೆ ಕನ್ನಡ ಬೆರೆಸಿದ ಅರಿಸಮಾಸ ಎಂದು ಮೂಗು ಮುರಿಯುವವರು ವೀರಗಲ್ಲನ್ನು ನೆನೆದು ಸುಮ್ಮನಾಗಬಹುದು. ಆದರೆ ಜೀವಗಲ್ಲು ಎಂದರೂ ಹುಡುಗ ತೊಳೆಯುತ್ತಿದ್ದನೇನೋ. ಎಮ್ಮೆಗೂ ಜೀವ ಇದೆ, ತೊಳೆಯುವುದಿಲ್ಲವೇ?

ಹೊಳೆದದ್ದು ‘ಹೆಪ್ಪುಗಲ್ಲು’. ಒಣಕಲ್ಲು ಜೋಡಿಸಿದ ಮೇಲೆ ತಮ್ಮನ ಮಗ ಮೈಸೂರಿನ ಗೆಳೆಯನ ಟ್ಯಾಂಕಿನಿಂದ ಮುಷ್ಟಿಗಾತ್ರದ ಒಂದು ಕಲ್ಲನ್ನು ಒದ್ದೆ ಪೇಪರಿನಲ್ಲಿ ಸುತ್ತಿ ತಂದು ನಡುವೆ ಇಟ್ಟಿದ್ದ. ಅದರಿಂದ ಮಿಕ್ಕವಕ್ಕೆಲ್ಲ ಬ್ಯಾಕ್ಟೀರಿಯಾ ಹಬ್ಬಿತು. ಪಕ್ಕದ ಮನೆಯಿಂದ ಒಂದು ಚಮಚ ಮೊಸರು ಇಸಕೊಂಡು ಬಂದು ಹಾಲಿಗೆ ಹೆಪ್ಪು ಹಾಕುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ಹೊಸ ಹಾಳೆಯಲ್ಲಿ ‘ಹೆಪ್ಪುಗಲ್ಲು, ತೊಳೆಯಬಾರದು’ ಎಂದು ಬರೆದೆ. ಹುಡುಗ ಓದಿ, “ಹಾಗಾದ್ರೆ ದೀಪ ಹಚ್ಚಿದ ಮೇಲೆ ಯಾರಿಗೂ ಕೊಡಬಾರ್ದು ಅಲ್ವಾ ಮೇಷ್ಟ್ರೇ?” ಎಂದು ಕೇಳಿದ. ಅರ್ಥ ತಲುಪಿತು ಅಂದುಕೊಂಡೆ. ಅಳುಕು ಒಂದೇ: ‘ಹೆಪ್ಪುಗಟ್ಟಿದ ಕಲ್ಲು’ ಎಂದು ಯಾರಾದರೂ ಬಿಡಿಸಿಕೊಂಡರೆ? ಸಮಾಸ ಬಲ್ಲವರು ಹೇಳಬೇಕು.

ಜೊತೆಗೆ ಇನ್ನೆರಡು ಪದ. ಮೀನು ಬಿಡುವ ಮೊದಲು ನಾಲ್ಕರಿಂದ ಆರು ವಾರ ನೀರು ಹದಕ್ಕೆ ಬರಲು ಬಿಡುವುದಕ್ಕೆ ಅಂಗಡಿಯವರು ‘ಸೈಕಲ್ ಮಾಡೋದು’ ಎನ್ನುತ್ತಾರೆ. ನಾನು ‘ಪಳಗಿಸುವುದು’ ಎಂದು ಬರೆದಿದ್ದೇನೆ. ಹೊಸ ಕಾವಲಿ ಪಳಗಿಸುತ್ತೇವೆ, ದುಬಾರೆಯಲ್ಲಿ ಆನೆ ಪಳಗಿಸುತ್ತಾರೆ, ಟ್ಯಾಂಕೂ ಪಳಗಲಿ. ಇದರಲ್ಲಿ ನನಗೆ ಅನುಮಾನವಿಲ್ಲ.

ಒಟ್ಟಿಗೆ ಬಿಡಬಹುದಾದ ಮೀನುಗಳಿಗೆ ‘ಹೊಂದಾಣಿಕೆಯ ಮೀನು’ ಎಂದು ಬರೆದು ಹೊಡೆದುಹಾಕಿದೆ. ಹೊಂದಾಣಿಕೆ ಎರಡೂ ಕಡೆಯಿಂದ ಆಗುವಂಥದ್ದು. ಇಲ್ಲಿ ಹಾಗಿಲ್ಲ: ಡ್ಯಾಮ್ಸೆಲ್ ಮೊದಲೇ ಬಂದು ಮೂಲೆ ಹಿಡಿದರೆ ಆಮೇಲೆ ಬಂದ ಸಾಧು ಮೀನನ್ನು ಅಟ್ಟಾಡಿಸುತ್ತದೆ, ಲಯನ್‌ಫಿಶ್ ಬಾಯಿಗೆ ಹಿಡಿಸುವ ಮೀನನ್ನು ನುಂಗಿಯೇಬಿಡುತ್ತದೆ. ‘ಅವನಿಗೂ ಇವನಿಗೂ ಆಗಿಬರಲ್ಲ’ ಎನ್ನುತ್ತೇವಲ್ಲ, ಅದರಿಂದ ‘ಆಗಿಬರುವ ಮೀನು’ ಮಾಡಿದ್ದೇನೆ. ಸ್ವಲ್ಪ ಉದ್ದವಾಯಿತೇ?

ಕರಾವಳಿಯವರಿಗೊಂದು ಕೇಳಿಕೆ. ನಾವು ಘಟ್ಟದ ಮೇಲಿನವರು, ಕಡಲಿನ ಕಲ್ಲಿಗೆ ನಮ್ಮಲ್ಲಿ ಪದ ಹುಟ್ಟುವ ಸಂದರ್ಭವೇ ಇಲ್ಲ. ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪದ ಕಡೆಗೆ ದೋಣಿ ಬಿಡುವವರು, ಕಾರವಾರದ, ಮಲ್ಪೆಯ ಮೀನುಗಾರರು ಮೈಮೇಲೆ ಪಾಚಿ, ಹುಳ, ಚಿಪ್ಪು ಹತ್ತಿಕೊಂಡ ನೀರೊಳಗಿನ ಕಲ್ಲಿಗೆ ಏನೆನ್ನುತ್ತಾರೆ? ಕನ್ನಡವೋ ಕೊಂಕಣಿಯೋ ತುಳುವೋ, ಯಾವುದಾದರೂ ಸರಿ. ಬಲೆ ಸಿಕ್ಕಿಕೊಳ್ಳುವ ಬಂಡೆಗೆ ಹೇಳುವ ಪದವಲ್ಲ, ಬೆಳೆಯುತ್ತಿರುವ ಕಲ್ಲಿಗೆ ಹೇಳುವ ಪದ. ಅಂಥದ್ದೊಂದು ಇದ್ದರೆ ನನ್ನ ಹೆಪ್ಪುಗಲ್ಲನ್ನು ಅಳಿಸಿ ಅದನ್ನೇ ಬರೆಯುತ್ತೇನೆ.