ಎನ್‌ಎಂಎಂಎಸ್ ಸ್ಕಾಲರ್‌ಶಿಪ್: ತೋಟದವರ ಮಗನಿಗೆ ಬಂತು, ನನ್ನ ಮಗಳಿಗೆ ಯಾಕಿಲ್ಲ?

ಪ್ರಶ್ನೆ (ನಮ್ಮ ಆನ್‌ಲೈನ್ ಗುಂಪಿನಲ್ಲಿ, ಕಾಪು ಕಡೆಯ ಒಬ್ಬ ತಾಯಿ):
ಟೀಚರ್, ನಮಸ್ಕಾರ. ನಾನು ಬೀಡಿ ಕಟ್ಟುತ್ತೇನೆ. ಗಂಡ ಬೋಟಿಗೆ ಹೋಗುತ್ತಾರೆ, ಮಳೆಗಾಲದ ಎರಡು ತಿಂಗಳು ಕೆಲಸ ಇಲ್ಲ. ಮಗಳು ಅನುದಾನಿತ ಕನ್ನಡ ಶಾಲೆಯಲ್ಲಿ ಎಂಟನೇ ಕ್ಲಾಸು. ಎನ್‌ಎಂಎಂಎಸ್ ಪರೀಕ್ಷೆ ಬರೆದಳು, ಪಾಸೂ ಆದಳು. ಆದರೆ ಆಯ್ಕೆ ಪಟ್ಟಿಯಲ್ಲಿ ಅವಳ ಹೆಸರಿಲ್ಲ. ಅದೇ ಕ್ಲಾಸಿನ ಒಬ್ಬ ಹುಡುಗನ ಹೆಸರಿದೆ. ಅವರಿಗೆ ಅಡಿಕೆ ತೋಟ ಇದೆ, ಕಾರಿದೆ. ಬಡ ಮಕ್ಕಳಿಗೆ ಅಂತ ಹೇಳಿ ಹೀಗೆ ಮಾಡಿದರೆ ಹೇಗೆ?

ಉತ್ತರ (ಉಡುಪಿಯ ಪ್ರೌಢಶಾಲಾ ಶಿಕ್ಷಕಿ, ಶಾಲೆಯಲ್ಲಿ ಸ್ಕಾಲರ್‌ಶಿಪ್ ಕೆಲಸ ನೋಡಿಕೊಳ್ಳುವವರು):
ನಮಸ್ಕಾರ ಅಕ್ಕಾ. ಮೊದಲು ಇದು ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ. ಸರಿಯಾ ತಪ್ಪಾ ಅಂತ ಆಮೇಲೆ ನೋಡುವ.

ಎನ್‌ಎಂಎಂಎಸ್ ಅಂದರೆ ನ್ಯಾಷನಲ್ ಮೀನ್ಸ್-ಕಮ್-ಮೆರಿಟ್ ಸ್ಕಾಲರ್‌ಶಿಪ್, ಬಡ ಮನೆಯ ಜಾಣ ಮಕ್ಕಳಿಗೆ ಅಂತ ಇರುವ ಕೇಂದ್ರದ ಯೋಜನೆ, 2008ರಲ್ಲಿ ಶುರುವಾದದ್ದು. ಒಂಬತ್ತನೇ ಕ್ಲಾಸಿನಿಂದ ಪಿಯುಸಿ ಮುಗಿಯುವವರೆಗೆ ವರ್ಷಕ್ಕೆ 12,000 ರೂಪಾಯಿ. ಇಡೀ ದೇಶಕ್ಕೆ ವರ್ಷಕ್ಕೆ ಒಂದು ಲಕ್ಷ ಹೊಸ ಮಕ್ಕಳು, ಅದರಲ್ಲಿ ಕರ್ನಾಟಕದ ಪಾಲು 5,534. ಆ ಪಾಲು ಮತ್ತೆ ಜಿಲ್ಲೆಗಳಿಗೆ, ಮೀಸಲಾತಿಯ ವರ್ಗಗಳಿಗೆ ಹಂಚಿ ಹೋಗುತ್ತದೆ. ಪರೀಕ್ಷೆಯಲ್ಲಿ ಮ್ಯಾಟ್ (ಬುದ್ಧಿಶಕ್ತಿಯ ಪ್ರಶ್ನೆಗಳು) 90 ಮಾರ್ಕು, ಸ್ಯಾಟ್ (ಶಾಲೆಯ ಪಾಠದ ಪ್ರಶ್ನೆಗಳು) 90 ಮಾರ್ಕು. ಒಟ್ಟಿನಲ್ಲಿ ಶೇಕಡಾ 40 ಬಂದರೆ ಪಾಸು, ಪರಿಶಿಷ್ಟ ಜಾತಿ, ಪಂಗಡದವರಿಗೆ 32. ಆದರೆ ಪಾಸಾದವರಲ್ಲಿ ಮೇಲಿನಿಂದ ಎಣಿಸಿ, ಸೀಟು ಇರುವಷ್ಟು ಮಕ್ಕಳನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಆ ಹುಡುಗ ಬೇರೆ ವರ್ಗದ ಪಟ್ಟಿಯಲ್ಲೂ ಬಂದಿರಬಹುದು. ಇಬ್ಬರ ಮಾರ್ಕು ಪಕ್ಕ ಪಕ್ಕ ಇಟ್ಟು ಮೋಸ ಆಗಿದೆ ಅಂತ ಹೇಳಲಿಕ್ಕೆ ಆಗುವುದಿಲ್ಲ.

ಇನ್ನು ನಿಮ್ಮ ನಿಜವಾದ ಪ್ರಶ್ನೆ. ಮನೆಯ ವರಮಾನ ವರ್ಷಕ್ಕೆ ಮೂರೂವರೆ ಲಕ್ಷ ದಾಟಬಾರದು ಅಂತ ನಿಯಮ. ಅದರ ಒಳಗೆ ಬಂದ ಮೇಲೆ ಬಡತನವನ್ನು ಯಾರೂ ಮತ್ತೆ ಅಳೆಯುವುದಿಲ್ಲ. ಅರವತ್ತು ಸಾವಿರದ ಮನೆಯೂ ಮೂರು ಲಕ್ಷದ ಮನೆಯೂ ಒಂದೇ. ಅಲ್ಲಿಂದ ಮುಂದೆ ಬರೀ ಮಾರ್ಕು.

ಆ ಆದಾಯ ಸರ್ಟಿಫಿಕೇಟಿನ ಕಥೆಯೂ ಇದೆ. ಸಂಬಳದವರದ್ದು ಚೀಟಿಯಲ್ಲಿ ಕಾಣುತ್ತದೆ. ಬೀಡಿಯಲ್ಲೂ ಪಿಎಫ್ ಇದ್ದರೆ ನಿಮ್ಮ ಮಜೂರಿ ದಾಖಲೆಯಲ್ಲಿ ಇರುತ್ತದೆ. ತೋಟದ್ದು, ಅಂಗಡಿಯದ್ದು ಅಂದಾಜು. ನಾಡಕಚೇರಿಗೆ ಅರ್ಜಿ ಹೋಗುತ್ತದೆ, ಗ್ರಾಮದ ಅಧಿಕಾರಿ ವರದಿ ಕೊಡುತ್ತಾರೆ, ಒಂದು ಅಂಕಿ ಬರುತ್ತದೆ. ಸುಳ್ಳು ಬರೆಸಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಅಡಿಕೆಗೆ ರೇಟು ಬಿದ್ದ ವರ್ಷ, ಕೊಳೆರೋಗ ಬಂದ ವರ್ಷ ತೋಟದವರಿಗೂ ಕಷ್ಟವೇ. ಆದರೆ ಕಾಗದದಲ್ಲಿ ಕಾಣುವ ದುಡಿಮೆಗೂ ಕಾಣದ ದುಡಿಮೆಗೂ ಒಂದೇ ಅಳತೆಗೋಲು ಹಿಡಿದರೆ ಪೆಟ್ಟು ತಿನ್ನುವುದು ದುಡಿಮೆ ಕಾಗದದಲ್ಲಿ ಕಾಣುವವರೇ.

ಪ್ರಶ್ನೆ (ಮಂಗಳೂರಿನ ರಿಕ್ಷಾ ಚಾಲಕರು):
ಅವರ ಮಗಳಿಗೆ ಪರೀಕ್ಷೆ ಬರೆಯಲಿಕ್ಕಾದರೂ ಬಿಟ್ಟರು ಟೀಚರ್. ನನ್ನ ಮಗನಿಗೆ ಅದೂ ಇಲ್ಲ. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಸೀಟಿನಲ್ಲಿ ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಗೆ ಫ್ರೀಯಾಗಿ ಸೇರಿಸಿದ್ದೆ. ಈಗ ಎಂಟನೆಯಲ್ಲಿದ್ದಾನೆ. ಒಂಬತ್ತಕ್ಕೆ ಪೂರ್ತಿ ಫೀಸು ಕಟ್ಟಬೇಕಂತೆ. ನಾವು ಬಡವರಲ್ವಾ?

ಉತ್ತರ:
ನಿಮ್ಮದು ಇನ್ನೂ ಕಷ್ಟದ ಕೇಸು ಅಣ್ಣಾ. ಈ ಪರೀಕ್ಷೆ ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಯ ಮಕ್ಕಳಿಗೆ ಮಾತ್ರ. ಅನುದಾನ ಇಲ್ಲದ ಖಾಸಗಿ ಶಾಲೆಯವರು ಬರೆಯುವ ಹಾಗಿಲ್ಲ. ಕೇಂದ್ರೀಯ ವಿದ್ಯಾಲಯ, ನವೋದಯದವರಿಗೂ ಇಲ್ಲ. ಮೊರಾರ್ಜಿ ದೇಸಾಯಿ ಥರದ ವಸತಿ ಶಾಲೆಯವರಿಗೂ ಇಲ್ಲ, ಯಾಕೆಂದರೆ ಅಲ್ಲಿ ಊಟ, ವಸತಿ ಸರ್ಕಾರವೇ ಕೊಡುತ್ತದೆ. ಅದು ಒಪ್ಪುವ ಮಾತು.

ಆದರೆ ಆರ್‌ಟಿಇ ಮಕ್ಕಳ ವಿಷಯದಲ್ಲಿ ನನಗೆ ಸಮಾಧಾನ ಇಲ್ಲ. ಬಡವರು ಅಂತಲೇ ಆ 25 ಶೇಕಡಾ ಸೀಟು ಕೊಟ್ಟದ್ದು. ಕಾನೂನು 14 ವರ್ಷದವರೆಗೆ, ಅಂದರೆ ಎಂಟನೇ ಕ್ಲಾಸಿಗೆ ಮುಗಿಯುತ್ತದೆ. ಅದೇ ಹೊತ್ತಿಗೆ ಸಿಗಬಹುದಾಗಿದ್ದ ಸ್ಕಾಲರ್‌ಶಿಪ್ಪಿಗೆ, ನೀವು ಖಾಸಗಿ ಶಾಲೆಯವರು ಅನ್ನುತ್ತಾರೆ. ಒಂದು ಕಡೆ ಬಡವ, ಇನ್ನೊಂದು ಕಡೆ ಅಲ್ಲ. ನಮ್ಮ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಹೊಟ್ಟೆ ಬಟ್ಟೆ ಕಟ್ಟಿ ಇಂಗ್ಲಿಷ್ ಮೀಡಿಯಂಗೆ ಹಾಕುವವರು ಎಷ್ಟು ಜನ ಅಂತ ನಿಮಗೇ ಗೊತ್ತು. ಶಾಲೆಯ ಬೋರ್ಡು ನೋಡಿ ಮನೆಯ ಬಡತನ ಅಳೆಯುವುದು ಇಲ್ಲಿಗೆ ಹೊಂದುವುದಿಲ್ಲ.

ಸದ್ಯಕ್ಕೆ ಒಂಬತ್ತಕ್ಕೆ ಒಳ್ಳೆಯ ಸರ್ಕಾರಿ ಅಥವಾ ಅನುದಾನಿತ ಪ್ರೌಢಶಾಲೆ ನೋಡಿ. ತುಂಬಾ ಕಡೆ ಈಗ ಇಂಗ್ಲಿಷ್ ಮೀಡಿಯಂ ಸೆಕ್ಷನ್ ಇದೆ. ಅದರಿಂದ ಎನ್‌ಎಂಎಂಎಸ್ ಸಿಗುವುದಿಲ್ಲ, ಪರೀಕ್ಷೆ ಎಂಟನೆಯಲ್ಲೇ ಆಗಿಹೋಗುತ್ತದೆ. ಫೀಸಿನ ಹೊರೆಯಾದರೂ ಇಳಿಯುತ್ತದೆ.

ಪ್ರಶ್ನೆ (ಗುಂಪಿನ ಇನ್ನೊಬ್ಬರು):
ಬಡತನಕ್ಕೆ ಪರೀಕ್ಷೆ ಯಾಕೆ ಮಾರಾಯ್ರೆ? ಬಡವರಿಗೆಲ್ಲ ಕೊಟ್ಟುಬಿಟ್ಟರೆ ಆಯಿತಲ್ಲ.

ಉತ್ತರ:
ಎಲ್ಲರಿಗೂ ಕೊಡುವಂಥದ್ದೂ ಇದೆ. ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಹಾಕುವ ಮೆಟ್ರಿಕ್ ಪೂರ್ವ ಸ್ಕಾಲರ್‌ಶಿಪ್ಪಿಗೆ ಪರೀಕ್ಷೆ ಇಲ್ಲ, ಜಾತಿ ಮತ್ತು ಆದಾಯ ನೋಡಿ ಕೊಡುತ್ತಾರೆ. ಆದರೆ ಮೊತ್ತ ಸಣ್ಣದು. ಹೆಚ್ಚು ಜನರಿಗೆ ಸ್ವಲ್ಪವಾ, ಸ್ವಲ್ಪ ಜನರಿಗೆ ಹೆಚ್ಚಾ ಅನ್ನುವ ಜಗ್ಗಾಟ ಯಾವಾಗಲೂ ಇದ್ದದ್ದೇ.

ನನ್ನ ತಕರಾರು ಬೇರೆ. ಎನ್‌ಎಂಎಂಎಸ್‌ನ ಉದ್ದೇಶ ಏನು? ಎಂಟನೇ ಕ್ಲಾಸಿಗೆ ಮಕ್ಕಳು ಶಾಲೆ ಬಿಡುವುದನ್ನು ತಡೆಯುವುದು ಅಂತ ಯೋಜನೆಯಲ್ಲೇ ಬರೆದಿದೆ. ಆದರೆ ಬರೆಯಲು ಏಳನೆಯಲ್ಲಿ ಶೇಕಡಾ 55 ಬೇಕು, ಆಮೇಲೆ ಸ್ಪರ್ಧೆಯಲ್ಲಿ ಮೇಲೆ ಬರಬೇಕು. ಹಾಗೆ ಮೇಲೆ ಬರುವ ಮಗು ಶಾಲೆ ಬಿಡುವುದು ಕಡಿಮೆ. ಅಪ್ಪನಿಗೆ ಹುಷಾರಿಲ್ಲ ಅಂತ ದಿನವಿಡೀ ಬೋಟು ನಿಲ್ಲುವ ಧಕ್ಕೆಯಲ್ಲಿ ಮೀನಿನ ಬುಟ್ಟಿ ಹೊರಲು ಹೋಗುವ ಹುಡುಗ, ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ನಿಲ್ಲುವ ಹುಡುಗಿ, ಇವರು ಅಂಚಿನಲ್ಲಿ ಪಾಸಾಗುವವರು. ಪರೀಕ್ಷೆ ಇವರನ್ನು ಹುಡುಕುವುದೇ ಇಲ್ಲ. ಮ್ಯಾಟ್‌ನ ಪ್ರಶ್ನೆಗಳಿಗೆ ಅಭ್ಯಾಸ ಬೇಕು. ಆಸಕ್ತಿ ಇರುವ ಮೇಷ್ಟ್ರು ಶಾಲೆ ಬಿಟ್ಟ ಮೇಲೆ ಕೂರಿಸಿ ಹೇಳಿಕೊಟ್ಟಲ್ಲಿ ಹೆಚ್ಚು ಮಕ್ಕಳು ಬರುತ್ತಾರೆ. ಇಬ್ಬರೇ ಟೀಚರ್ ಇರುವ ಶಾಲೆಯಲ್ಲಿ ಯಾರು ಕೂರಿಸಬೇಕು?

ಇಲ್ಲೇ ಬೇರೆ ದಾರಿ ಇದೆ. ಉಡುಪಿಯ ಯಕ್ಷಗಾನ ಕಲಾರಂಗ ಸಂಸ್ಥೆಯವರು ಬಡ ಮಕ್ಕಳ ಓದಿಗೆ ಕೊಡುವ ವಿದ್ಯಾಪೋಷಕ್ ನೆರವು ಗೊತ್ತಲ್ಲ? ಅದು ಎಸ್‌ಎಸ್‌ಎಲ್‌ಸಿ ನಂತರದವರಿಗೆ. ಆದರೆ ಅವರು ಅರ್ಜಿ ಹಾಕಿದ ಮಕ್ಕಳ ಮನೆಗೆ ಹೋಗಿ ನೋಡುತ್ತಾರೆ. ಮಾಡು ಸೋರುತ್ತದಾ, ಕರೆಂಟು ಇದೆಯಾ, ಓದಲು ಜಾಗ ಇದೆಯಾ ಅಂತ ಕಣ್ಣಿಗೆ ಕಾಣುತ್ತದೆ. ಮನೆಯೇ ಇಲ್ಲದ ಕೆಲವರಿಗೆ ಮನೆಯನ್ನೂ ಕಟ್ಟಿಸಿ ಕೊಟ್ಟಿದ್ದಾರೆ. ಸರ್ಕಾರ ಇಡೀ ರಾಜ್ಯದಲ್ಲಿ ಮನೆ ಮನೆ ಹತ್ತಲು ಆಗದು, ಒಪ್ಪುತ್ತೇನೆ. ನೋಡುವವರ ಮರ್ಜಿಯೂ ಅಡ್ಡ ಬರಬಹುದು. ಆದರೆ ಮೂರೂವರೆ ಲಕ್ಷದ ಒಳಗೇ ಎರಡು ಮೂರು ಹಂತ ಮಾಡಿ, ತೀರಾ ಕೆಳಗಿನವರಿಗೆ ಒಂದಿಷ್ಟು ಸೀಟು ಬೇರೆ ಇಡಲಿಕ್ಕೆ ಏನು ಅಡ್ಡಿ? ಅದು ಲೆಕ್ಕದ ಕೆಲಸ ಅಷ್ಟೇ.

ಇನ್ನೊಂದು, ಸ್ವಲ್ಪ ಆಚೀಚಿನ ಮಾತು. ಬೇರೆ ಕಡೆ ಹೆಣ್ಣುಮಕ್ಕಳು ಸರ್ಕಾರಿ ಬಸ್ಸಲ್ಲಿ ಶಕ್ತಿ ಯೋಜನೆಯಿಂದ ಫ್ರೀಯಾಗಿ ಶಾಲೆಗೆ ಹೋಗುತ್ತಾರೆ. ನಮ್ಮಲ್ಲಿ ಜಾಸ್ತಿ ಖಾಸಗಿ ಬಸ್ಸು. 12,000ದಲ್ಲಿ ಬಸ್ಸಿಗೇ ಒಂದು ಪಾಲು ಹೋಗುತ್ತದೆ. ಅದು 6,000 ಇದ್ದದ್ದು 12,000 ಆಗಿ ವರ್ಷಗಳಾದವು, ಆಮೇಲೆ ಏರಿಲ್ಲ.

ಪ್ರಶ್ನೆ (ಕಾಪುವಿನ ತಾಯಿ):
ಆಯಿತು ಟೀಚರ್. ಈಗ ನಾನು ಏನು ಮಾಡಬೇಕು?

ಉತ್ತರ:
ನಿಮಗೆ ಬೀಡಿ ಕಾರ್ಮಿಕರ ಗುರುತಿನ ಚೀಟಿ ಇದೆಯಾ? ಇದ್ದರೆ ಕೇಂದ್ರದ ಕಾರ್ಮಿಕ ಇಲಾಖೆಯ ಸ್ಕಾಲರ್‌ಶಿಪ್ ಇದೆ. ಒಂಬತ್ತು, ಹತ್ತಕ್ಕೆ ವರ್ಷಕ್ಕೆ 2,000. ದೊಡ್ಡದಲ್ಲ, ಆದರೆ ಪಿಯುಸಿ, ಡಿಗ್ರಿಗೆ ಹೋದಂತೆ ಏರುತ್ತದೆ, ಇದಕ್ಕೆ ಸ್ಪರ್ಧಾ ಪರೀಕ್ಷೆಯೂ ಇಲ್ಲ. ಅರ್ಜಿ ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ. ಚೀಟಿ ಇಲ್ಲದಿದ್ದರೆ ನೀವು ಬೀಡಿ ಕೊಡುವ ಬ್ರಾಂಚಿನಲ್ಲಿ ಕೇಳಿ ಮಾಡಿಸಿಕೊಳ್ಳಿ. ಎಸ್‌ಎಸ್‌ಪಿಯಲ್ಲಿ ಹಾಕಬಹುದಾದದ್ದು ಬೇರೆ, ಅದನ್ನು ಶಾಲೆಯಲ್ಲೇ ವಿಚಾರಿಸಿ.

ಹಾಕುವ ಮೊದಲು ಎರಡು ಕೆಲಸ ಮಾಡಿ. ಮಗಳ ಹೆಸರು ಆಧಾರ್‌ನಲ್ಲಿ, ಶಾಲೆಯ ಸ್ಯಾಟ್ಸ್ ದಾಖಲೆಯಲ್ಲಿ (ಮಕ್ಕಳ ವಿವರ ಇಡುವ ಇಲಾಖೆಯ ಆನ್‌ಲೈನ್ ದಾಖಲೆ) ಒಂದೇ ಥರ ಇದೆಯಾ ನೋಡಿ. ಇನಿಷಿಯಲ್ ಹಿಂದೆ ಮುಂದೆ ಆದರೂ ತಕರಾರು ಬರುತ್ತದೆ. ಆಮೇಲೆ ಬ್ಯಾಂಕಿಗೆ ಹೋಗಿ ಅವಳ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಕೇಳಿ. ಎರಡು ಖಾತೆ ಇದ್ದರೆ ಕೊನೆಗೆ ಜೋಡಿಸಿದ ಖಾತೆಗೇ ದುಡ್ಡು ಬೀಳುವುದು. ಮಂಜೂರಾದ ಹಣ ಇಲ್ಲಿ ಸಿಕ್ಕಿಹಾಕಿಕೊಳ್ಳುವುದು ಜಾಸ್ತಿ. ಪೋರ್ಟಲ್ ತೆರೆದ ಕೂಡಲೇ ಹಾಕಿ, ಕೊನೆಯ ವಾರಕ್ಕೆ ಇಡಬೇಡಿ. ಎಲ್ಲಿಯಾದರೂ ಸಿಕ್ಕಿಬಿದ್ದರೆ ಪರದೆಯ ಫೋಟೋ ತೆಗೆದು ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ. ಆಧಾರ್ ನಂಬರ್ ಮಾತ್ರ ಮುಚ್ಚಿ.