ಮಗಳಿಗೆ ಜರ್ಮನಿಯಲ್ಲಿ ಕಾರು: ಟಯರ್ ಎರಡು ಸೆಟ್ ಬೇಕಂತೆ, ಹೌದಾ?

ಅಂಬಲಪಾಡಿ ರಾಯ, ಉಡುಪಿ

ನಮಸ್ಕಾರ. ನಾನು ಬ್ಯಾಂಕಿನಲ್ಲಿದ್ದು ನಿವೃತ್ತನಾದವ. ಮಗಳು ನರ್ಸ್, ಈ ಆಗಸ್ಟ್‌ನಲ್ಲಿ ಜರ್ಮನಿಗೆ ಹೋಗಿದ್ದಾಳೆ. ಬವೇರಿಯಾದ ಪಸ್ಸಾವ್ ಪೇಟೆಯಿಂದ ಸ್ವಲ್ಪ ಒಳಗೆ, ಆಸ್ಟ್ರಿಯಾ ಗಡಿಯ ಹತ್ತಿರ. ಬೆಳಿಗ್ಗೆ ಆರಕ್ಕೆ ಶಿಫ್ಟ್. ಆ ಹೊತ್ತಿಗೆ ಬಸ್ಸಿಲ್ಲ, ಭಾನುವಾರದ ಕಥೆ ಕೇಳುವುದೇ ಬೇಡ. ಈಗ ಜೊತೆಯಲ್ಲಿ ಕೆಲಸ ಮಾಡುವವಳ ಕಾರಿನಲ್ಲಿ ಹೋಗಿ ಬರ್ತಾಳೆ, ಇಬ್ಬರ ಡ್ಯೂಟಿ ಬೇರೆ ಬೇರೆ ಬಿದ್ದ ದಿನ ಫಜೀತಿ. ಸೆಕೆಂಡ್ ಹ್ಯಾಂಡ್ ಕಾರು ತಗೊಳ್ತೇನೆ ಅಂತ ಹೊರಟಿದ್ದಾಳೆ.

ಕಾರಿಗೆ ನನ್ನ ಆಕ್ಷೇಪ ಇಲ್ಲ. ಅವಳು ಕಳಿಸಿದ ಲೆಕ್ಕ ನೋಡಿ ತಲೆ ಕೆಟ್ಟದ್ದು. ಕಾರು 4,800 ಯೂರೋ. ಇನ್ಶೂರೆನ್ಸ್ ವರ್ಷಕ್ಕೆ 1,150, ಅಂದರೆ ನಾಲ್ಕು ವರ್ಷದ ಪ್ರೀಮಿಯಂನಲ್ಲಿ ಇನ್ನೊಂದು ಕಾರು ಬಂತು. ಅದರ ಮೇಲೆ ವಿಂಟರ್ ಟಯರ್ ಬೇರೆ ನಾಲ್ಕು. ವರ್ಷಕ್ಕೆರಡು ಸಲ ಬಿಚ್ಚಿ ಹಾಕುವ ಕೂಲಿ. ಬಿಚ್ಚಿದ ಟಯರ್ ಗ್ಯಾರೇಜಿನಲ್ಲಿ ಇಡ್ಲಿಕ್ಕೆ ಬಾಡಿಗೆ! ಟಯರಿಗೆ ಬಾಡಿಗೆ ಕೊಡುವುದನ್ನು ನಾನು ಕೇಳಿದ್ದು ಇದೇ ಮೊದಲು. ನಮ್ಮಲ್ಲಿ ಹತ್ತು ಲಕ್ಷದೊಳಗಿನ ಕಾರಿಗೆ ಶೇ. 13, 14 ಅಂತ ಲೈಫ್ ಟ್ಯಾಕ್ಸ್ ಹೊಟ್ಟೆ ಉರಿದರೂ ಒಮ್ಮೆ ಕಟ್ಟಿದರೆ ಮುಗೀತು.

ಅಲ್ಲಿ ಇರುವವರು ಹೇಳಿ: ಈ ವಿಂಟರ್ ಟಯರ್ ನಿಜವಾಗಿಯೂ ಕಾನೂನಾ, ಇಲ್ಲ ಗ್ಯಾರೇಜಿನವರ ವ್ಯಾಪಾರವಾ? ಕಾರಿನಲ್ಲಿ ಬಂದ ಟಯರ್ ಒಳ್ಳೆಯದೇ ಉಂಟಂತೆ. ಇನ್ಶೂರೆನ್ಸ್ ಇಷ್ಟು ಯಾಕೆ? ಅವಳು ಇಲ್ಲಿ ಲೈಸೆನ್ಸ್ ತೆಗೆದು ತುಂಬಾ ವರ್ಷ ಆಯ್ತು, ಉಡುಪಿ–ಮಂಗಳೂರು ಹೈವೇಯಲ್ಲಿ ಓಡಿಸಿ ಅಭ್ಯಾಸ ಇದೆ.

ಸುರತ್ಕಲ್ ಸವಾರಿ

ರಾಯರೇ, ಹೆದರ್ಬೇಡಿ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಟ್ಯಾಂಕರ್ ಹಿಂದೆ ಕಾರು ಬಿಟ್ಟವರಿಗೆ ಹಿಮ ಎಂತ ಮಾಡ್ತದೆ? ನಿಧಾನ ಹೋದರೆ ಆಯ್ತು. ಇದ್ದ ಟಯರಲ್ಲೇ ಸುಧಾರಿಸ್ಲಿ.

ಕಂಕನಾಡಿ ಟಯರ್

ಸವಾರಿಯವರೇ, ಹಾಗೆಲ್ಲ ಹೇಳ್ಬೇಡಿ ಮಾರಾಯ್ರೆ. ನಾನು ವಿಂಟರ್ ಟಯರ್ ಮಾರುವವನಲ್ಲ, ಮಂಗಳೂರಲ್ಲಿ ಯಾರಿಗೂ ಬೇಡ. ಆದರೆ ರಬ್ಬರಿನ ವಿಷಯ ಗೊತ್ತುಂಟು. ನಮ್ಮ ಟಯರಿನ ರಬ್ಬರ್ ಬಿಸಿ ರಸ್ತೆಗೆ ಮಾಡಿದ್ದು. ಚಳಿ ಏಳು ಡಿಗ್ರಿಗಿಂತ ಕೆಳಗೆ ಹೋದ ಹಾಗೆ ಅದು ಬಿರುಸಾಗ್ತದೆ, ಡಿಸೆಂಬರಿನಲ್ಲಿ ಬೆಂಗಳೂರಿಗೆ ಒಯ್ದ ತೆಂಗಿನೆಣ್ಣೆ ಬಾಟ್ಲಿಯಲ್ಲಿ ಗಟ್ಟಿಯಾದ ಹಾಗೆ. ಬಿರುಸಾದ ರಬ್ಬರ್ ರಸ್ತೆ ಹಿಡಿಯುವುದಿಲ್ಲ, ಟಯರ್ ಹೊಸತಾದರೂ ಅಷ್ಟೇ. ವಿಂಟರ್ ಟಯರಿನ ರಬ್ಬರ್ ಚಳಿಯಲ್ಲೂ ಮೆತ್ತಗಿರ್ತದೆ. ಅದರ ಬ್ಲಾಕುಗಳ ಮೇಲೆ ಬ್ಲೇಡಿನಲ್ಲಿ ಗೀರಿದಂಥ ಸಣ್ಣ ಸಣ್ಣ ಸೀಳು ಇರ್ತದೆ, ಹಿಮವನ್ನು ಕಚ್ಚಿ ಹಿಡಿಯುವುದು ಅದು. ಅದನ್ನೇ ಬೇಸಿಗೆಯಲ್ಲಿ ಓಡಿಸಿದರೆ ಬೇಗ ಸವೆದು ಹೋಗ್ತದೆ, ಬ್ರೇಕ್ ಹಾಕಿದರೆ ಗಾಡಿ ದೂರ ಹೋಗಿ ನಿಲ್ತದೆ. ಎರಡು ಸೆಟ್ ಯಾಕೆ ಅಂತ ಕೇಳಿದ್ದಕ್ಕೆ ಇಷ್ಟೇ ಉತ್ತರ.

ಬಾರ್ಕೂರಿನ ಸಿಸ್ಟರ್

ರಾಯರೇ, ನಾನೂ ನರ್ಸೇ, ಬವೇರಿಯಾದಲ್ಲೇ ಇರುವುದು. ನಿಮ್ಮ ಮಗಳ ಲೆಕ್ಕದಲ್ಲಿ ಸುಳ್ಳೇನೂ ಇಲ್ಲ. ಒಂದು ಮುಖ್ಯ ವಿಷಯ ಬಿಟ್ಟುಹೋಗಿದೆ, ಅದನ್ನು ಕೊನೆಗೆ ಹೇಳ್ತೇನೆ.

ಟಯರ್ ಕಾನೂನೇ. ಆದರೆ ಜರ್ಮನಿಯಲ್ಲಿ ಇಂಥ ತಾರೀಕಿನಿಂದ ಇಂಥ ತಾರೀಕಿನವರೆಗೆ ಅಂತ ಇಲ್ಲ. ರಸ್ತೆಯಲ್ಲಿ ಹಿಮ, ಮಂಜುಗಡ್ಡೆ, ಕೆಸರಾದ ಹಿಮ ಇದ್ದ ಹೊತ್ತಿನಲ್ಲಿ ಗಾಡಿ ಓಡಿಸುವುದಾದರೆ ವಿಂಟರ್ ಟಯರ್ ಇರಲೇಬೇಕು. ಜನ ಬಾಯಿಮಾತಿಗೆ ಅಕ್ಟೋಬರಿನಿಂದ ಈಸ್ಟರ್ ತನಕ ಅಂತಾರೆ, ಅದು ಅಂದಾಜು ಅಷ್ಟೇ. ಸಾಮಾನ್ಯ ಟಯರ್ ಹಾಕಿ ಮನೆ ಮುಂದೆ ನಿಲ್ಲಿಸಿಟ್ಟರೆ ತಪ್ಪಿಲ್ಲ, ಹಿಮದಲ್ಲಿ ಹೊರಗೆ ತೆಗೆದರೆ 60 ಯೂರೋ ದಂಡ, ಲೈಸೆನ್ಸ್ ಖಾತೆಯಲ್ಲಿ ಒಂದು ಪಾಯಿಂಟ್. ಬೇರೆಯವರಿಗೆ ಹಾಗೆ ಓಡಿಸಲು ಕಾರು ಕೊಟ್ಟ ಮಾಲೀಕನಿಗೆ 75. ದಂಡಕ್ಕಿಂತ ದೊಡ್ಡ ಪೆಟ್ಟು ಇನ್ಶೂರೆನ್ಸಿನದ್ದು: ಅಪಘಾತವಾದಾಗ ಸಮ್ಮರ್ ಟಯರ್ ಇತ್ತು ಅಂತಾದರೆ ಫುಲ್ ಕವರ್ ಇದ್ದವರಿಗೂ ಹಣ ಕತ್ತರಿಸಬಹುದು.

ಟಯರಿನ ಬದಿಯಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಚಿಹ್ನೆ ಬೇಕು. ಬರೀ "ಎಂ+ಎಸ್" ಅಂತ ಬರೆದ ಹಳೇ ಟಯರಿಗೆ 2024ರ ಸೆಪ್ಟೆಂಬರ್ 30ಕ್ಕೆ ಅವಧಿ ಮುಗಿದಿದೆ. ಸೆಕೆಂಡ್ ಹ್ಯಾಂಡ್ ಕಾರು ಮಾರುವವರು "ವಿಂಟರ್ ಟಯರ್ ಇದೆ" ಅಂದರೆ ಮಗಳು ಮೊಣಕಾಲೂರಿ ಕೂತು ಈ ಚಿಹ್ನೆ ನೋಡಲಿ. ಜೊತೆಗೆ ಎರಡು ಯೂರೋ ನಾಣ್ಯ ಟಯರಿನ ದೊಡ್ಡ ಗೀರಿನೊಳಗೆ ತೂರಿಸಲಿ. ನಾಣ್ಯದ ಬೆಳ್ಳಿ ಬಣ್ಣದ ಅಂಚು ಪೂರ್ತಿ ಮುಳುಗಿದರೆ ಗೀರಿನ ಆಳ ನಾಲ್ಕು ಮಿಲಿಮೀಟರ್ ಉಳಿದಿದೆ ಅಂತ. ಜರ್ಮನ್ ಕಾನೂನಿಗೆ 1.6 ಸಾಕು, ಆದರೆ ಅವಳಿರುವುದು ಗಡಿಯಲ್ಲಿ. ಪೆಟ್ರೋಲ್ ಆಸ್ಟ್ರಿಯಾದಲ್ಲಿ ಕಡಿಮೆ ಅಂತ ಪಸ್ಸಾವ್ ಕಡೆಯ ಜನ ಶೇರ್ಡಿಂಗ್ ಕಡೆ ಹೋಗಿ ಟ್ಯಾಂಕ್ ತುಂಬಿಸ್ತಾರೆ, ಇವಳೂ ಹೋಗ್ತಾಳೆ ನೋಡಿ. ಅಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ನಿಯಮ, ನಾಲ್ಕು ಮಿಲಿಮೀಟರಿಗಿಂತ ಸವೆದದ್ದನ್ನು ವಿಂಟರ್ ಟಯರ್ ಅಂತಲೇ ಒಪ್ಪುವುದಿಲ್ಲ. ಅಲ್ಲಿನ ಆಟೋಬಾನ್, ಅಂದರೆ ಎಕ್ಸ್‌ಪ್ರೆಸ್ ಹೈವೇ ಹತ್ತಿದರೆ ಟೋಲ್ ಚೀಟಿ ಬೇರೆ, ವರ್ಷದ್ದಕ್ಕೆ 2025ರಲ್ಲಿ 103.80 ಯೂರೋ. ಊರ ರಸ್ತೆಯಲ್ಲಿ ಹೋಗಿ ಬಂದರೆ ಅದು ಬೇಡ.

ಹೊಸ ಟಯರ್ ತಗೊಳ್ಳುವ ಬದಲು ಎಂಟು ಚಕ್ರದ ಜೊತೆ ಮಾರುವ ಕಾರು ಹುಡುಕಲಿ. ಇಲ್ಲಿನ ಜಾಹೀರಾತಿನಲ್ಲಿ "ಆಖ್ಟ್‌ಫಾಖ್ ಬೆರೈಫ್ಟ್" ಅಂತ ಬರೆದಿರ್ತಾರೆ, ಎರಡೂ ಸೆಟ್ ಡಿಸ್ಕ್ ಸಮೇತ ಬರ್ತದೆ. ಡಿಸ್ಕ್ ಸಮೇತ ಇದ್ದರೆ ಬದಲಿಸುವ ಕೂಲಿಯೂ ಕಡಿಮೆ. ಆಲ್ ಸೀಸನ್ ಟಯರಿಗೂ ಆ ಬೆಟ್ಟದ ಚಿಹ್ನೆ ಇದ್ದರೆ ಕಾನೂನು ಒಪ್ಪುತ್ತದೆ. ಮ್ಯೂನಿಕ್ ಪೇಟೆಯೊಳಗಾದರೆ ನಾನೂ ಅದನ್ನೇ ಹೇಳ್ತಿದ್ದೆ. ಬವೇರಿಯನ್ ಕಾಡಿನ ಏರುತಗ್ಗಿನಲ್ಲಿ, ಬೆಳಿಗ್ಗೆ ಐದೂವರೆಗೆ, ಉಪ್ಪು ಹಾಕುವ ಗಾಡಿ ಬರುವ ಮೊದಲು ಹೊರಡುವವಳಿಗೆ ಬೇಡ.

ಇನ್ನು ಇನ್ಶೂರೆನ್ಸ್. ಅಪಘಾತ ಮಾಡದೆ ಕಳೆದ ಒಂದೊಂದು ವರ್ಷಕ್ಕೂ ಒಂದೊಂದು ಮೆಟ್ಟಿಲು, ಮೇಲೆ ಹೋದಷ್ಟು ಪ್ರೀಮಿಯಂ ಇಳೀತದೆ. ಊರಿನಲ್ಲಿ ಓಡಿಸಿದ ವರ್ಷಗಳನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ತಗೊಳ್ಳುವುದಿಲ್ಲ, ತಳದ ಮೆಟ್ಟಿಲಿನಿಂದಲೇ ಶುರು. ಹಾಗಾಗಿ 1,150 ಆಶ್ಚರ್ಯ ಅಲ್ಲ. ಅಷ್ಟು ಹಳೇ ಕಾರಿಗೆ ಫುಲ್ ಕವರ್ ಬೇಡ. ಎದುರಿನವರ ನಷ್ಟಕ್ಕೆ ಕಡ್ಡಾಯವಾದದ್ದು, ಅದರ ಮೇಲೆ ಕಳ್ಳತನ, ಆಲಿಕಲ್ಲು, ಅಡ್ಡ ಬರುವ ಜಿಂಕೆಗೆ ಆಗುವ ಅರ್ಧ ಕವರ್, ಇಷ್ಟು ಸಾಕು. ಜಿಂಕೆ ತಮಾಷೆಯಲ್ಲ, ಆ ಕಡೆ ನಸುಕಿಗೆ ರಸ್ತೆಗೇ ಬರ್ತವೆ.

ರಸ್ತೆ ತೆರಿಗೆಗೆ ಹೆದರುವುದು ಬೇಡ. 2014ರಿಂದ 2020ರೊಳಗೆ ನೋಂದಾಯಿಸಿದ 1200 ಸಿಸಿ ಪೆಟ್ರೋಲ್ ಕಾರು, ಕಿಲೋಮೀಟರಿಗೆ 115 ಗ್ರಾಂ ಇಂಗಾಲ ಬಿಡುವಂಥದ್ದು ಅಂತ ಇಟ್ಟುಕೊಳ್ಳಿ: ನೂರು ಸಿಸಿಗೆ ಎರಡು ಯೂರೋದಂತೆ 24, 95 ಗ್ರಾಂ ಮೀರಿದ 20 ಗ್ರಾಮಿಗೆ 40, ಒಟ್ಟು ವರ್ಷಕ್ಕೆ 64. ಏರುತ್ತಾ ಹೋಗುವುದು ಪೆಟ್ರೋಲಿನೊಳಗೆ ಸೇರಿಸಿದ ಇಂಗಾಲದ ಸುಂಕ. ಟನ್ನಿಗೆ 2021ರಲ್ಲಿ 25 ಯೂರೋ ಇದ್ದದ್ದು 2025ರಲ್ಲಿ 55 ಆಗಿದೆ.

ಈಗ ಬಿಟ್ಟುಹೋದ ವಿಷಯ. ನಮ್ಮ ಲೈಸೆನ್ಸ್ ಜರ್ಮನಿಯಲ್ಲಿ ನಡೆಯುವುದು ಬಂದು ನೆಲೆಸಿದ ದಿನದಿಂದ ಆರು ತಿಂಗಳು, ಅದೂ ಅನುವಾದ ಕೈಯಲ್ಲಿದ್ದರೆ. ಆಗಸ್ಟಿನಲ್ಲಿ ಬಂದವಳಿಗೆ ಫೆಬ್ರವರಿಗೆ ಮುಗೀತದೆ. ಆಮೇಲೆ ಓಡಿಸಿದರೆ ಲೈಸೆನ್ಸ್ ಇಲ್ಲದೆ ಓಡಿಸಿದ ಲೆಕ್ಕ, ಅದು ದಂಡ ಕಟ್ಟಿ ಮುಗಿಸುವ ವಿಷಯ ಅಲ್ಲ, ಕ್ರಿಮಿನಲ್ ಕೇಸು. ನರ್ಸ್ ವೃತ್ತಿಯವರು ಅದಕ್ಕೆ ಕೈ ಹಾಕಲೇಬಾರದು. ಟಯರ್ ಚಿಂತೆ ಬಿಟ್ಟು ಮೊದಲು ಅದನ್ನು ಕೇಳಿ.

ಕುಡ್ಲದವ, ಬ್ರಾಂಪ್ಟನ್

ಇನ್ಶೂರೆನ್ಸ್ 1,150 ಯೂರೋ ಅಂತ ಅಳುವವರು ಒಮ್ಮೆ ಕೆನಡಾದ ನಮ್ಮ ಬ್ರಾಂಪ್ಟನ್‌ಗೆ ಬನ್ನಿ ಮಾರಾಯ್ರೆ. ಒಂಟಾರಿಯೋದಲ್ಲಿ ಪೋಸ್ಟಲ್ ಕೋಡ್ ನೋಡಿ ರೇಟು ಹಾಕ್ತಾರೆ, ನಮ್ಮ ಊರು ದುಬಾರಿ ಪಟ್ಟಿಯ ತುದಿಯಲ್ಲೇ ಇರುವುದು. ನಂಬರ್ ಪ್ಲೇಟಿನ ಸ್ಟಿಕ್ಕರ್ ಶುಲ್ಕ 2022ರಲ್ಲಿ ತೆಗೆದರು, ಅಷ್ಟು ಲಾಭ.

ಕೆನಡಾಕ್ಕೆ ಬರುವವರು ಯಾರಾದರೂ ಇದನ್ನು ಓದಿದರೆ: ಟಯರ್ ನಿಯಮ ಪ್ರಾಂತ್ಯಕ್ಕೊಂದು. ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಕಡ್ಡಾಯ, ತಪ್ಪಿದರೆ 200ರಿಂದ 300 ಡಾಲರ್. ಒಂಟಾರಿಯೋದಲ್ಲಿ ಕಡ್ಡಾಯ ಇಲ್ಲ, ಆದರೆ ಹಾಕಿಸಿದರೆ ಇನ್ಶೂರೆನ್ಸಿನವರು ರಿಯಾಯಿತಿ ಕೊಡಬೇಕು ಅಂತ 2016ರಿಂದ ನಿಯಮ ಇದೆ. ಕೇಳದೆ ಕೊಡುವುದಿಲ್ಲ, ಫೋನ್ ಮಾಡಿ ಕೇಳಿ. ಹೊರಡುವ ಮೊದಲು ಆರ್‌ಟಿಒದಿಂದ ಲೈಸೆನ್ಸಿನ ಪೂರ್ತಿ ವಿವರದ ಪತ್ರ ಮಾಡಿಸಿಕೊಳ್ಳಿ. ಎಷ್ಟು ವರ್ಷದ ಅನುಭವ ಅಂತ ತೋರಿಸಿದರೆ ರೋಡ್ ಟೆಸ್ಟಿಗೆ ಕಾಯುವುದು ತಪ್ತದೆ. ಇಲ್ಲಿಂದ ಊರಿಗೆ ಫೋನ್ ಮಾಡಿ ಅಪ್ಪನನ್ನು ಆರ್‌ಟಿಒ ಬಾಗಿಲಿಗೆ ಓಡಿಸುವುದು ಬೇಡ.

ಅಂಬಲಪಾಡಿ ರಾಯ, ಉಡುಪಿ

ಸಿಸ್ಟರ್, ನಿಮ್ಮ ಉತ್ತರ ಪ್ರಿಂಟ್ ತೆಗೆದು ಇಟ್ಟುಕೊಂಡೆ. ನಿನ್ನೆ ರಾತ್ರಿ ಮಗಳಿಗೆ ಫೋನ್ ಮಾಡಿದೆ. ಆರು ತಿಂಗಳ ವಿಷಯ ಅವಳಿಗೆ ಗೊತ್ತುಂಟು, "ಆಮೇಲೆ ಬದಲಿಸಿ ಕೊಡ್ತಾರಂತೆ ಪಪ್ಪ" ಅಂದಳು. ಜೊತೆಯವಳು, ಕೋಸ್ಟಾ ರಿಕಾದವಳೋ ಕೊರಿಯಾದವಳೋ, ಹಾಗೇ ಬದಲಿಸಿಕೊಂಡಳಂತೆ. ನಿಜವಾ? ಪರೀಕ್ಷೆ ಇದ್ದರೆ ಖರ್ಚು ಎಷ್ಟು? ಅದೂ ನನ್ನ ಪಟ್ಟಿಗೆ ಸೇರಿಸಬೇಕಲ್ಲ.

ಬಾರ್ಕೂರಿನ ಸಿಸ್ಟರ್

ಕೊರಿಯಾದವರಿಗೆ ಪರೀಕ್ಷೆ ಇಲ್ಲದೆ ಬದಲಿಸಿ ಕೊಡ್ತಾರೆ. ಜರ್ಮನಿ ಹಾಗೆ ಒಪ್ಪಿದ ದೇಶಗಳ ಪಟ್ಟಿ ಇಟ್ಟಿದೆ, ಭಾರತ ಅದರಲ್ಲಿಲ್ಲ. ನಮ್ಮವರಿಗೆ ಥಿಯರಿ, ಪ್ರಾಕ್ಟಿಕಲ್ ಎರಡೂ ಉಂಟು. ಊರಿನ ಲೈಸೆನ್ಸ್ ಇರುವುದರಿಂದ ಇಂತಿಷ್ಟು ಪಾಠ ತಗೊಳ್ಳಲೇಬೇಕು ಅಂತ ಕಡ್ಡಾಯ ಇಲ್ಲ, ಹೊಸಬರಿಗಿಂತ ಅಷ್ಟು ಉಳಿತಾಯ. ಆದರೆ ಡ್ರೈವಿಂಗ್ ಸ್ಕೂಲಿನ ಮೂಲಕವೇ ಪರೀಕ್ಷೆಗೆ ಹೋಗಬೇಕು. ಅವರು ಒಂದೆರಡು ಸಲ ಓಡಿಸಿ ನೋಡಿ, ಇನ್ನಷ್ಟು ಪಾಠ ಬೇಕು ಅಂತಾರೆ. ಬೇಕೂ ಬೇಕು. ರಸ್ತೆಯ ಬಲಗಡೆ ಓಡಿಸುವುದು ಎರಡು ದಿನದಲ್ಲಿ ಬರ್ತದೆ, ಬೋರ್ಡಿಲ್ಲದ ಅಡ್ಡರಸ್ತೆಯಲ್ಲಿ ಬಲಗಡೆಯಿಂದ ಬರುವವನಿಗೆ ಬಿಟ್ಟುಕೊಡುವುದು ಬರುವುದಿಲ್ಲ. ನಂತೂರು ಸರ್ಕಲ್ಲಿನಲ್ಲಿ ಮೂತಿ ತೂರಿಸಿ ಕಲಿತವರಿಗೆ ಅದು ಕೈಗೆ ಹತ್ತುವುದು ನಿಧಾನ. ಪರೀಕ್ಷೆಯಲ್ಲಿ ಒಮ್ಮೆ ತಪ್ಪಿದರೆ ಅಲ್ಲಿಗೆ ಫೇಲು.

ಥಿಯರಿ ಇಂಗ್ಲಿಷಿನಲ್ಲೇ ಬರೀಬಹುದು. ಮೂವತ್ತು ಪ್ರಶ್ನೆ, ಹತ್ತು ಅಂಕದ ತಪ್ಪಿನವರೆಗೆ ಕ್ಷಮೆ. ಐದಂಕದ ಎರಡು ಪ್ರಶ್ನೆ ತಪ್ಪಿದರೆ ಮಾತ್ರ, ಮೊತ್ತ ಹತ್ತೇ ಆದರೂ ಫೇಲ್. ಕಣ್ಣಿನ ಪರೀಕ್ಷೆ, ಫೋಟೋ, ಲೈಸೆನ್ಸಿನ ಅನುವಾದ ಬೇಕು. ಪ್ರಥಮ ಚಿಕಿತ್ಸೆಯ ಕೋರ್ಸ್ ಎಲ್ಲರಿಗೂ ಉಂಟು, ಅವಳ ನರ್ಸಿಂಗ್‌ಗೆ ಇಲ್ಲಿ ಮಾನ್ಯತೆ ಸಿಕ್ಕಿದ್ದರೆ ಅದು ಬೇಡ. ಪಾಸಾದ ಮೇಲೆ ಊರಿನ ಲೈಸೆನ್ಸ್ ಅವರೇ ಇಟ್ಟುಕೊಳ್ತಾರೆ. ಖರ್ಚು ಪಾಠದ ಲೆಕ್ಕದಲ್ಲಿ ಹೆಚ್ಚುಕಮ್ಮಿ ಆಗ್ತದೆ. ನಮ್ಮ ಕಡೆ 45 ನಿಮಿಷದ ಪಾಠಕ್ಕೆ 60 ಯೂರೋ ಮೇಲೆ. ಒಟ್ಟು ಸಾವಿರಕ್ಕೆ ಕಡಿಮೆ ಹಿಡೀಬೇಡಿ.

ಕಾಗದ ಆಫೀಸಿನಿಂದ ಪಾಸಾಗಿ ಬರುವುದಕ್ಕೇ ವಾರಗಟ್ಟಲೆ ಬೇಕು. ನನ್ನನ್ನು ಕೇಳಿದರೆ, ಅರ್ಜಿ ಈ ವಾರವೇ ಹಾಕಲಿ, ಕಾರು ಲೈಸೆನ್ಸ್ ಕೈಗೆ ಬಂದ ಮೇಲೆ. ಈಗ ತೆಗೆದರೆ ಫೆಬ್ರವರಿಯಿಂದ ಕಾರು ಅಂಗಳದಲ್ಲಿ, ಪ್ರೀಮಿಯಂ ಬ್ಯಾಂಕಿನಿಂದ ಹೋಗ್ತಾ ಇರ್ತದೆ. ಅಲ್ಲಿಯವರೆಗೆ ಜೊತೆಯವಳಿಗೆ ಪೆಟ್ರೋಲಿನ ಪಾಲು ಕೊಡಲಿ, ಉಳಿದ ದಿನಕ್ಕೆ ದೇಶದ ಲೋಕಲ್ ರೈಲು, ಬಸ್ಸಿಗೆಲ್ಲ ಆಗುವ ಡಾಯ್ಚ್‌ಲಾಂಡ್ ಟಿಕೆಟ್ ಉಂಟು. 2023ರಲ್ಲಿ ಶುರುವಾದಾಗ ತಿಂಗಳಿಗೆ 49 ಇತ್ತು, 2025ರಲ್ಲಿ 58 ಆಯ್ತು, 2026ರ ಜನವರಿಯಿಂದ 63. ಏರಿದೆ ನಿಜ, ಆದರೂ ಆ ಪ್ರೀಮಿಯಂ ಒಂದಕ್ಕೇ ಹೋಲಿಸಿ ನೋಡಿ. ಹೆಡ್ ನರ್ಸ್ ಹತ್ತಿರ ಮಾತಾಡಿ ಇಬ್ಬರ ಡ್ಯೂಟಿ ಒಟ್ಟಿಗೆ ಹಾಕಿಸಿಕೊಳ್ಳಲಿ. ಕೇಳಿದರೆ ಮಾಡ್ತಾರೆ, ಬಾಯಿ ಬಿಟ್ಟು ಕೇಳಬೇಕು, ನಮ್ಮ ಹುಡುಗಿಯರು ಕೇಳುವುದಿಲ್ಲ.

ಸುರತ್ಕಲ್ ಸವಾರಿ

ಸಿಸ್ಟರ್, ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಮಾಡಿ ಬಿಸಿಯಾಗ್ಲಿಕ್ಕೆ ಬಿಟ್ಟು ಒಳಗೆ ಚಾ ಕುಡಿದು ಬಂದರೆ ಗಾಜಿನ ಐಸ್ ತಾನೇ ಕರಗುವುದಿಲ್ವಾ?

ಬಾರ್ಕೂರಿನ ಸಿಸ್ಟರ್

ಕರಗ್ತದೆ. ನಿಂತ ಗಾಡಿಯ ಎಂಜಿನ್ ಸುಮ್ಮನೆ ಓಡಿಸಿದ್ದಕ್ಕೆ 80 ಯೂರೋ ದಂಡವೂ ಬರ್ತದೆ, ಪಕ್ಕದ ಮನೆಯವರೇ ಫೋನ್ ಮಾಡ್ತಾರೆ. ಕೆರೆಯುವ ಪ್ಲಾಸ್ಟಿಕ್ ಹಲಗೆ ತಗೊಂಡು ಎಲ್ಲಾ ಗಾಜು ಕೆರೀಬೇಕು, ಎದುರಿಗೆ ಒಂದು ಕಿಂಡಿ ಮಾಡಿ ಹೊರಟರೂ ದಂಡವೇ. ಬಿಸಿನೀರು ಹೊಯ್ಯಬಾರದು, ಗಾಜು ಸೀಳ್ತದೆ.

ಅಂಬಲಪಾಡಿ ರಾಯ, ಉಡುಪಿ

ಅರ್ಜಿ ಹಾಕ್ಲಿಕ್ಕೆ ಒಪ್ಪಿದ್ದಾಳೆ. ಕಾರು ಸದ್ಯಕ್ಕೆ ಇಲ್ಲ, ಲೈಸೆನ್ಸ್ ಬಂದ ಮೇಲೆ ಎಂಟು ಚಕ್ರದ್ದೇ ಹುಡುಕುವುದು ಅಂತಾಯ್ತು. ಸ್ವಲ್ಪ ಮುಖ ಊದಿಸಿಕೊಂಡಿದ್ದಾಳೆ, ಅದಿರಲಿ. ಟಯರಿನ ಬಾಡಿಗೆ ಮಾತ್ರ ನನಗೆ ಇನ್ನೂ ಜೀರ್ಣವಾಗಿಲ್ಲ. ಅವಳದ್ದು ಮೂರನೇ ಮಾಳಿಗೆಯ ಫ್ಲಾಟ್. ಮನೆಯಲ್ಲೇ ಇಟ್ಟುಕೊಳ್ಳುವ ದಾರಿ ಇಲ್ವಾ?

ಬಾರ್ಕೂರಿನ ಸಿಸ್ಟರ್

ಫ್ಲಾಟಿನ ಜೊತೆ ನೆಲಮಾಳಿಗೆಯಲ್ಲಿ ಒಂದು ಸಣ್ಣ ಕೋಣೆ ಕೊಟ್ಟಿರ್ತಾರೆ, ಬಾಡಿಗೆ ಕರಾರಿನಲ್ಲಿ ನೋಡಲಿಕ್ಕೆ ಹೇಳಿ. ಡಿಸ್ಕ್ ಸಮೇತ ಇದ್ದರೆ ಒಂದರ ಮೇಲೊಂದು ಮಲಗಿಸಿ ಇಡಬಹುದು. ಬಿಚ್ಚುವಾಗಲೇ ಸೀಮೆಸುಣ್ಣದಲ್ಲಿ ಮುಂದಿನ ಎಡ, ಮುಂದಿನ ಬಲ ಅಂತ ಬರೆದಿಡಲಿ. ತಿರುಗಿ ಹಾಕಿಸಿದ ಮೇಲೆ 50–100 ಕಿಲೋಮೀಟರ್ ಓಡಿಸಿ ಬೋಲ್ಟ್ ಮತ್ತೊಮ್ಮೆ ಬಿಗಿ ಮಾಡಿಸಬೇಕು, ಅದನ್ನು ಮರೀಬಾರದು.